ಎರಡು ದಿನಕ್ಕೆ ಪ್ರಾಗ್

ಜರ್ಮನಿಯ ಡ್ರೆಸ್ಡೆನ್ ನಗರದಿಂದ ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗಿಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಶುಕ್ರವಾರ ಸಂಜೆಯ ಗಾಡಿಯಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರ ಒಂದು ಗುಂಪನ್ನು ಊಹಿಸಿಕೊಳ್ಳಿ. ಒಬ್ಬಳು ಸ್ಪೇನಿನವಳು, ಒಬ್ಬ ಪೋಲೆಂಡಿನವನು, ಇನ್ನೊಬ್ಬ ಟರ್ಕಿಯವನು, ಕಿಟಕಿಯ ಪಕ್ಕ ಕುಳಿತವನು ಭಾರತದವನು. ಮಾತೆಲ್ಲ ಹರಕು ಮುರುಕು ಇಂಗ್ಲಿಷಿನಲ್ಲಿ. ಇವರಲ್ಲಿ ಯಾರೂ ಡ್ರೆಸ್ಡೆನ್ನಿನವರಲ್ಲ. ತಂತಮ್ಮ ದೇಶದ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೊಂಡೇ, ಒಂದೆರಡು ಸೆಮಿಸ್ಟರಿನ ಮಟ್ಟಿಗೆ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು. ಇಂಥವರಿಗೆ ವಿನಿಮಯ ವಿದ್ಯಾರ್ಥಿಗಳೆಂದು ಹೆಸರು. ವಾರದ ಕೊನೆಯಲ್ಲಿ ಎರಡು ದಿನ ಬಿಡುವು ಸಿಕ್ಕರೆ ಪಕ್ಕದ ಊರಿಗೆ ಹೊರಟುಬಿಡುವುದು ಇವರ ಪದ್ಧತಿ. ಅಲ್ಲಿ ಪಕ್ಕದ ಊರೆಂದರೆ ಪಕ್ಕದ ದೇಶವೂ ಆಗಿರಬಹುದು.

ಯೂರೋಪಿನಲ್ಲಿ ಈ ವಿನಿಮಯವನ್ನು ನಡೆಸುವ ಯೋಜನೆಗೆ ಎರಾಸ್ಮಸ್ ಎಂದು ಹೆಸರು. ಅದು 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಅದರ ಹಿಂದೆ ಇಟಲಿಯ ಸೋಫಿಯಾ ಕೊರಾಡಿ ಎಂಬ ಮಹಿಳೆಯ ಹಟವಿದೆ. ಆಕೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದು 1958ರಲ್ಲಿ ತಾಯ್ನಾಡಿಗೆ ಮರಳಿದಾಗ, ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕಿಲ್ಲ ಎಂದು ಕಚೇರಿಯವರು ಹೇಳಿ ಕಳಿಸಿದರು. ಅವಮಾನವಾದವರು ಸಾಮಾನ್ಯವಾಗಿ ಬೈದು ಸುಮ್ಮನಾಗುತ್ತಾರೆ. ಈಕೆ ಸುಮ್ಮನಾಗಲಿಲ್ಲ. ಬೇರೆ ದೇಶದಲ್ಲಿ ಓದಿದ್ದನ್ನು ಸ್ವದೇಶದಲ್ಲಿ ಒಪ್ಪಬೇಕು ಎಂದು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. ಇಂದು ಯೂರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ ಎಂಬ ಲೆಕ್ಕವಿದೆ. ಎಲ್ಲಿ ಗಳಿಸಿದರೂ ಮೊದಲೇ ಒಪ್ಪಂದವಾಗಿದ್ದರೆ ಸ್ವಂತ ಕಾಲೇಜು ಅದನ್ನು ಒಪ್ಪುತ್ತದೆ.

ಪ್ರಾಗಿನಲ್ಲಿ ಕಳೆದ ಎರಡು ದಿನಕ್ಕೆ ಮಾತ್ರ ಯಾವ ಕ್ರೆಡಿಟ್ಟೂ ಇಲ್ಲ. ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳಿಸಿದ ತಂದೆತಾಯಿಗಳ ದೂರು ಇಲ್ಲಿಂದಲೇ ಶುರುವಾಗುತ್ತದೆ. ‘ಓದಲು ಕಳಿಸಿದರೆ ಊರು ಸುತ್ತುತ್ತಿದ್ದಾನೆ.’ 2022-23ರ ಹೊತ್ತಿಗೆ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿದ್ದರು. ಆದ್ದರಿಂದ ಈ ದೂರು ನಮ್ಮ ಮನೆಗಳಲ್ಲೂ ಹೊಸದಲ್ಲ. ದೇಶ ಸುತ್ತು, ಕೋಶ ಓದು ಎಂದು ಗಾದೆ ಹೇಳುವ ಬಾಯಿಯೇ ಮಗ ದೇಶ ಸುತ್ತಲು ಹೊರಟಾಗ ಖರ್ಚಿನ ಲೆಕ್ಕ ಕೇಳುತ್ತದೆ. ಕೇಳುವುದು ತಪ್ಪಲ್ಲ. ಸಾಲ ಮಾಡಿ ಕಳಿಸಿದವರಿಗೆ ಕೇಳುವ ಹಕ್ಕಿದೆ. ಆದರೆ ‘ಎಷ್ಟು ಖರ್ಚಾಯಿತು’ ಎಂದು ಕೇಳಿದ ಮೇಲೆ ‘ಏನು ನೋಡಿದೆ’ ಎಂದೂ ಕೇಳಬೇಕು.

ಈ ಎರಡನೆಯ ಪ್ರಶ್ನೆಗೆ ಹಲವರ ಬಳಿ ಉತ್ತರವಿರುವುದಿಲ್ಲ. ಎರಡು ದಿನದಲ್ಲಿ ಇಪ್ಪತ್ತೆರಡು ಜಾಗಗಳ ಪಟ್ಟಿ ಹಿಡಿದು ಓಡಾಡಿ, ಪ್ರತಿಯೊಂದರ ಮುಂದೂ ನಿಂತು ಫೋಟೊ ತೆಗೆಸಿಕೊಂಡು, ಭಾನುವಾರ ರಾತ್ರಿ ಕಾಲುನೋವಿನೊಂದಿಗೆ ಮರಳುತ್ತಾರೆ. ಇನ್ನು ಕೆಲವರು ತಮ್ಮ ಭಾಷೆಯವರನ್ನೇ ಹುಡುಕಿ ಜತೆ ಕಟ್ಟಿಕೊಂಡು, ತಮ್ಮ ಊಟದ ಹೋಟೆಲನ್ನೇ ಹುಡುಕಿ ಉಂಡು, ತಮ್ಮ ಊರಿನ ಸುದ್ದಿಯನ್ನೇ ಮಾತಾಡಿ ಬರುತ್ತಾರೆ. ಅವರ ಮಟ್ಟಿಗೆ ರೈಲು ಪ್ರಾಗಿಗೆ ಹೋಗಿರುವುದೇ ಇಲ್ಲ.

ನೋಡುವ ಕೆಲಸ ರೈಲಿನ ಕಿಟಕಿಯಿಂದಲೇ ಶುರುವಾಗಬಹುದು. ಡ್ರೆಸ್ಡೆನ್ ಬಿಟ್ಟ ಗಾಡಿ ಎಲ್ಬೆ ನದಿಯ ದಂಡೆ ಹಿಡಿಯುತ್ತದೆ. ಗಡಿ ದಾಟಿದೊಡನೆ ಅದೇ ನದಿಗೆ ಲಾಬೆ ಎಂದು ಹೆಸರು. ಮುಂದೆ ಮ್ಯೆಲ್ನಿಕ್ ಎಂಬ ಊರಿನಲ್ಲಿ ಅದನ್ನು ಕೂಡುವ ನದಿ ವ್ಲತಾವಾ. ಪ್ರಾಗಿನ ನಡುವೆ ಹರಿಯುವುದು ಇದೇ. ಅಂದರೆ ವಿದ್ಯಾರ್ಥಿಗಳು ನೀರಿಗೆ ಎದುರಾಗಿ ಪ್ರಯಾಣ ಮಾಡುತ್ತಿದ್ದಾರೆ. ಪ್ರಾಗಿನ ಸೇತುವೆಯ ಕೆಳಗೆ ಹಾದ ನೀರು ಕೆಲವು ದಿನಗಳ ಮೇಲೆ ಅವರ ಹಾಸ್ಟೆಲಿನ ಊರನ್ನು ಹಾಯುತ್ತದೆ. 2002ರ ಆಗಸ್ಟಿನಲ್ಲಿ ಈ ಮಾತು ಎರಡೂ ಊರಿನವರಿಗೆ ಕಹಿಯಾಗಿ ಗೊತ್ತಾಯಿತು. 14ರಂದು ಪ್ರಾಗಿನಲ್ಲಿ ಪ್ರವಾಹ ತುತ್ತತುದಿ ಮುಟ್ಟಿ ನೆಲದಡಿಯ ರೈಲಿನ ಸುರಂಗಗಳಿಗೆ ನೀರು ನುಗ್ಗಿತು. ಮೂರು ದಿನ ಕಳೆದು, 17ರಂದು, ಡ್ರೆಸ್ಡೆನ್ನಿನ ಅಳತೆಗಂಬದಲ್ಲಿ ನದಿ 9.40 ಮೀಟರ್ ತೋರಿಸಿತು. ಮಾಮೂಲು ದಿನಗಳಲ್ಲಿ ಅಲ್ಲಿ ಇರುವುದು ಎರಡು ಮೀಟರಿನ ಆಸುಪಾಸು. ನದಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ವಿದ್ಯಾರ್ಥಿಗೆ ಮಾತ್ರ ಬೇಕು. ಎರಡೂ ದೇಶಗಳು ಷೆಂಗೆನ್ ಒಪ್ಪಂದದ ಒಳಗಿರುವುದರಿಂದ ಜರ್ಮನಿಯ ವಾಸದ ಪರವಾನಗಿ ಇರುವ ಭಾರತೀಯ ವಿದ್ಯಾರ್ಥಿ ಬೇರೆ ವೀಸಾ ಇಲ್ಲದೆಯೇ ಪ್ರಾಗಿಗೆ ಹೋಗಿ ಬರಬಹುದು. ಆದರೆ ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡು ಎರಡೂ ಜೇಬಿನಲ್ಲಿರಬೇಕು. ಅವನ್ನು ಕೋಣೆಯ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಬಂದವನು ನಡುರಾತ್ರಿ ಗಡಿಯಲ್ಲಿ ಪೊಲೀಸರ ಮುಂದೆ ಪೇಚಾಡಬೇಕಾದೀತು.

ಪ್ರಾಗ್ ತಲುಪಿದವರು ಮೊದಲು ಓಡುವುದು ಹಳೆಯ ಪಟ್ಟಣದ ಚೌಕಕ್ಕೆ. ಅಲ್ಲಿನ ಪುರಭವನದ ಗೋಡೆಯಲ್ಲಿ 1410ರ ಖಗೋಳ ಗಡಿಯಾರವಿದೆ. ಗಂಟೆ ಗಂಟೆಗೂ ಮೇಲಿನ ಕಿಟಕಿಗಳು ತೆರೆದು ಏಸುವಿನ ಶಿಷ್ಯರ ಗೊಂಬೆಗಳು ಮೆರವಣಿಗೆ ಹೋಗುತ್ತವೆ. ಪಕ್ಕದಲ್ಲಿ ಅಸ್ಥಿಪಂಜರವೊಂದು ಗಂಟೆ ಬಾರಿಸುತ್ತದೆ. ಜನ ಕತ್ತೆತ್ತಿ ನೋಡಿ, ಗೊಂಬೆಗಳು ಮರೆಯಾದ ಕೂಡಲೇ ಚದುರಿಬಿಡುತ್ತಾರೆ. ನಿಜವಾದ ಸ್ವಾರಸ್ಯ ಶುರುವಾಗುವುದೇ ಆಮೇಲೆ. ಆ ಮುಖಫಲಕದಲ್ಲಿ ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಸೂರ್ಯ ಮುಳುಗಿ ಎಷ್ಟು ಹೊತ್ತಾಯಿತು, ನಕ್ಷತ್ರಗಳ ಲೆಕ್ಕದಲ್ಲಿ ಸಮಯವೆಷ್ಟು ಎಂಬುದೆಲ್ಲ ಒಟ್ಟಿಗೇ ಕಾಣುತ್ತದೆ. ಹಗಲನ್ನು ಹನ್ನೆರಡು ಸಮಭಾಗ ಮಾಡುವ ಬಾಗಿದ ಗೆರೆಗಳೂ ಇವೆ. ಬೇಸಿಗೆಯಲ್ಲಿ ಆ ‘ಗಂಟೆ’ ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ಗುಣಿಸುವ ನಮ್ಮ ಪಂಚಾಂಗದವರಿಗೆ ಈ ಲೆಕ್ಕ ಸಲೀಸಾಗಿ ಅರ್ಥವಾಗುತ್ತದೆ. ಫಲಕದ ನಟ್ಟನಡುವೆ ಇರುವುದು ಭೂಮಿ, ಸುತ್ತುವವನು ಸೂರ್ಯ. 1410ರಲ್ಲಿ ಕೋಪರ್ನಿಕಸ್ ಇನ್ನೂ ಹುಟ್ಟಿರಲಿಲ್ಲ.

ಈ ಗಡಿಯಾರ ಮಾಡಿದವನ ಕಣ್ಣು ಕೀಳಿಸಿದರು, ಇನ್ನೊಂದು ಊರಿಗೆ ಅಂಥದ್ದು ಮಾಡಿಕೊಡಬಾರದೆಂದು, ಎಂಬ ಕತೆಯನ್ನು ಗೈಡುಗಳು ಇಂದಿಗೂ ಹೇಳುತ್ತಾರೆ. ಇಂಥ ಕತೆ ಯಾವ ಊರಿನಲ್ಲಿಲ್ಲ? ಹನೂಷ್ ಎಂಬ ಆ ಕತೆಯ ನಾಯಕ ಇದನ್ನು ಮಾಡಿದವನೇ ಅಲ್ಲವೆಂದು ಸಂಶೋಧಕರು ಹಳೆಯ ದಾಖಲೆಯಿಂದ ತೋರಿಸಿಕೊಟ್ಟಿದ್ದಾರೆ. ಮಾಡಿದವನು ಕಾದನ್ ಊರಿನ ಮಿಕುಲಾಷ್. ಖಗೋಳದ ಲೆಕ್ಕ ಒದಗಿಸಿದವನು ಪ್ರಾಗ್ ವಿಶ್ವವಿದ್ಯಾಲಯದ ಯಾನ್ ಶಿಂಡೆಲ್ ಎಂದು ನಂಬಲಾಗಿದೆ.

ಅದೇ ಚೌಕದಲ್ಲಿ ಜೋಡಿ ಗೋಪುರಗಳ ಟೀನ್ ಚರ್ಚಿದೆ. ಒಳಗೆ ಕೆಂಪು ಅಮೃತಶಿಲೆಯ ಚಪ್ಪಡಿಯ ಮೇಲೆ ಯುದ್ಧಕವಚ ತೊಟ್ಟವನೊಬ್ಬನ ಚಿತ್ರ ಕೆತ್ತಿದೆ. ಆತ ಸೇನಾಪತಿಯಲ್ಲ, ಟೈಕೊ ಬ್ರಾಹೆ. ದೂರದರ್ಶಕ ಬರುವ ಮುಂಚೆ, ಬರಿಗಣ್ಣಿನಿಂದ, ಆಕಾಶವನ್ನು ಅವನಷ್ಟು ಕರಾರುವಾಕ್ಕಾಗಿ ಅಳೆದವರಿಲ್ಲ. ಅವನು ಡೆನ್ಮಾರ್ಕಿನವನು. ಹುಡುಗನಾಗಿದ್ದಾಗ ಲೈಪ್‌ಜಿಗ್, ವಿಟೆನ್‌ಬರ್ಗ್, ರೊಸ್ಟಾಕ್ ಎಂದು ಪರದೇಶದ ವಿಶ್ವವಿದ್ಯಾಲಯಗಳನ್ನು ಸುತ್ತಿದವನು. ರೊಸ್ಟಾಕಿನಲ್ಲಿ 1566ರಲ್ಲಿ ತನ್ನದೇ ದೇಶದ ಇನ್ನೊಬ್ಬ ವಿದ್ಯಾರ್ಥಿಯೊಂದಿಗೆ ಜಗಳವಾಡಿ, ಕತ್ತಿ ಹಿರಿದು, ಮೂಗಿನ ತುಂಡು ಕಳೆದುಕೊಂಡ. ಮಕ್ಕಳನ್ನು ಹೊರಗೆ ಕಳಿಸಿ ಹೆದರುವ ಅಪ್ಪ ಅಮ್ಮಂದಿರಿಗೆ ಈ ಸುದ್ದಿ ಸಮಾಧಾನ ಕೊಡದಿರಬಹುದು. ಉಳಿದ ಜೀವಮಾನವೆಲ್ಲ ಲೋಹದ ಮೂಗು ಅಂಟಿಸಿಕೊಂಡಿದ್ದ. ಬೆಳ್ಳಿ ಬಂಗಾರದ್ದೆಂದು ಬಹುಕಾಲ ಹೇಳುತ್ತಿದ್ದರು. 2010ರಲ್ಲಿ ಸಮಾಧಿ ತೆರೆದು ಮೂಳೆ ಪರೀಕ್ಷಿಸಿದಾಗ ಅದು ಬಹುಶಃ ಹಿತ್ತಾಳೆಯದೆಂದು ತಿಳಿಯಿತು. ಯಾರೋ ಪಾದರಸ ಉಣಿಸಿ ಕೊಂದರು ಎಂಬ ಗುಮಾನಿಗೂ ಆ ಪರೀಕ್ಷೆಯಲ್ಲಿ ಆಧಾರ ಸಿಗಲಿಲ್ಲ.

ವಿನಿಮಯ ವಿದ್ಯಾರ್ಥಿಗಳು ಈ ಚಪ್ಪಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಏಕೆಂದರೆ ಇತಿಹಾಸದ ಅತ್ಯಂತ ಫಲವತ್ತಾದ ವಿನಿಮಯವೊಂದು ನಡೆದದ್ದು ಇದೇ ಊರಿನಲ್ಲಿ. ತನ್ನ ದೇಶದ ರಾಜನೊಂದಿಗೆ ಕೆಡಿಸಿಕೊಂಡ ಟೈಕೊ 1599ರಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯ ಬಯಸಿ ಪ್ರಾಗಿಗೆ ಬಂದ. ಅವನ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಅಳತೆಗಳಿದ್ದವು. ಆಸ್ಟ್ರಿಯದ ಗ್ರಾಟ್ಸ್ ಊರಿನಲ್ಲಿ ಗಣಿತ ಮೇಷ್ಟರಾಗಿದ್ದ ಯೋಹಾನೆಸ್ ಕೆಪ್ಲರನಿಗೆ ಧರ್ಮದ ಕಾರಣಕ್ಕೆ ಊರು ಬಿಡಬೇಕಾದ ಸಂಕಟ. ಅವನ ಬಳಿ ಗಣಿತವಿತ್ತು, ಅಳತೆಗಳಿರಲಿಲ್ಲ. ಇಬ್ಬರೂ ಮೊದಲು ಭೇಟಿಯಾದದ್ದು 1600ರ ಫೆಬ್ರುವರಿ 4ರಂದು, ಪ್ರಾಗಿಗೆ ಸಮೀಪದ ಬೆನಾಟ್ಕಿಯ ಕೋಟೆಮನೆಯಲ್ಲಿ. ಟೈಕೊ ತೀರಿಕೊಂಡದ್ದು 1601ರ ಅಕ್ಟೋಬರ್ 24ರಂದು. ನಡುವೆ ಕೆಪ್ಲರ್ ಊರಿಗೆ ಹೋಗಿ ಬಂದ ತಿಂಗಳುಗಳನ್ನು ಕಳೆದರೆ ಇಬ್ಬರೂ ಜತೆಯಲ್ಲಿದ್ದದ್ದು ಇಂದಿನ ಎರಡು ಸೆಮಿಸ್ಟರಿನಷ್ಟು ಕಾಲ.

ಅದೇನೂ ಗುರುಶಿಷ್ಯರ ಸುಖಸಂಸಾರವಾಗಿರಲಿಲ್ಲ. ಟೈಕೊ ತನ್ನ ಅಳತೆಗಳನ್ನು ಜಿಪುಣ ಹಣ ಬಿಚ್ಚುವಂತೆ ಬಿಚ್ಚುತ್ತಿದ್ದ. ಸಂಬಳ, ಮನೆ, ಕೆಲಸದ ಷರತ್ತುಗಳ ಬಗ್ಗೆ ಮಾತಿಗೆ ಮಾತು ಬೆಳೆದು ಕೆಪ್ಲರ್ ಏಪ್ರಿಲಿನಲ್ಲಿ ಸಿಟ್ಟುಮಾಡಿಕೊಂಡು ಹೊರಟೇ ಹೋದ. ಆಮೇಲೆ ಕ್ಷಮೆ ಕೇಳಿ ಕಾಗದ ಬರೆದು ಮರಳಿ ಬಂದ. ಹಾಸ್ಟೆಲಿನಲ್ಲಿ ಎಂಟು ದೇಶದವರು ಒಂದೇ ಅಡುಗೆಮನೆಯನ್ನು ಹಂಚಿಕೊಂಡವರಿಗೆ ಈ ಕತೆ ವಿವರಿಸಬೇಕಾಗಿಲ್ಲ. ನನ್ನ ಹಾಲು ಯಾರು ಕುಡಿದರು, ಬಾಣಲೆ ಯಾಕೆ ತೊಳೆದಿಲ್ಲ ಎಂಬ ಜಗಳ ಅಲ್ಲಿ ದಿನಬೆಳಗಾದರೆ ಇದ್ದದ್ದೇ. ಜಗಳವಾಡಿದವನು ಮರುದಿನ ಅದೇ ಅಡುಗೆಮನೆಗೆ ಬರಲೇಬೇಕು.

ಟೈಕೊ ಕೆಪ್ಲರನಿಗೆ ಕೊಟ್ಟ ಕೆಲಸ ಮಂಗಳ ಗ್ರಹದ ಹಾದಿಯನ್ನು ಗುಣಿಸುವುದು. ಎಂಟು ದಿನದಲ್ಲಿ ಮುಗಿಸುತ್ತೇನೆಂದು ಕೆಪ್ಲರ್ ಪಣತೊಟ್ಟ. ಹಿಡಿದದ್ದು ಐದು ವರ್ಷ. ಗ್ರಹ ವೃತ್ತದಲ್ಲೇ ಸುತ್ತುತ್ತದೆಂದು ಹಿಡಿದು ಅವನು ಕಟ್ಟಿದ ಲೆಕ್ಕ ಟೈಕೊನ ಅಳತೆಗೆ ಬಹುತೇಕ ಹೊಂದಿತು, ಒಂದು ಕಡೆ ಮಾತ್ರ ಎಂಟು ನಿಮಿಷ ತಪ್ಪಿತು. ಇದು ಗಡಿಯಾರದ ನಿಮಿಷವಲ್ಲ, ಕೋನದ ನಿಮಿಷ. ಒಂದು ಡಿಗ್ರಿಯ ಅರವತ್ತನೆಯ ಪಾಲು, ಪಂಚಾಂಗದವರು ಕಲೆ ಎನ್ನುವುದು. ಎಂಟು ನಿಮಿಷ ಎಷ್ಟಾಗುತ್ತದೆಂದು ನೋಡಬೇಕೆ? ಏಳು ಮಿಲಿಮೀಟರ್ ದಪ್ಪದ ಮಾಮೂಲು ಪೆನ್ಸಿಲೊಂದನ್ನು ಮೂರು ಮೀಟರ್ ದೂರದಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ದಪ್ಪ ನಿಮ್ಮ ಕಣ್ಣಿನಲ್ಲಿ ಮಾಡುವ ಕೋನವೇ ಎಂಟು ನಿಮಿಷ. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗಕ್ಕಿಂತ ತುಸು ಹೆಚ್ಚು.

ಅಷ್ಟು ಸಣ್ಣ ವ್ಯತ್ಯಾಸವನ್ನು ಬೇರೆ ಯಾರಾದರೂ ಅಳತೆಯ ತಪ್ಪೆಂದು ಬಿಟ್ಟುಬಿಡುತ್ತಿದ್ದರು. ಪ್ರಯೋಗಾಲಯದಲ್ಲಿ ಉತ್ತರ ಮೊದಲೇ ಬರೆದು ವಾಚನಗಳನ್ನು ಹಿಂದಿನಿಂದ ಹೊಂದಿಸುವ ವಿದ್ಯಾರ್ಥಿಗಳಂತೂ ಖಂಡಿತ ಬಿಡುತ್ತಿದ್ದರು. ಕೆಪ್ಲರ್ ಬಿಡಲಿಲ್ಲ. ಟೈಕೊ ಎಂಟು ನಿಮಿಷ ತಪ್ಪುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಜಗಳವಾಡಿದ ಮನುಷ್ಯನ ಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆ. ತನ್ನ ಲೆಕ್ಕವನ್ನೇ ಹರಿದುಹಾಕಿ ಹೊಸದಾಗಿ ಆರಂಭಿಸಿ, ಗ್ರಹಗಳು ಸುತ್ತುವುದು ವೃತ್ತದಲ್ಲಲ್ಲ, ದೀರ್ಘವೃತ್ತದಲ್ಲಿ ಎಂಬ ತೀರ್ಮಾನಕ್ಕೆ ಬಂದ. ಆ ಗ್ರಂಥ ಅಚ್ಚಾದದ್ದು 1609ರಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಕೆಪ್ಲರನ ನಿಯಮಗಳು ಮೂರು ಸಾಲಿನಲ್ಲಿ ಮುಗಿಯುತ್ತವೆ. ಪ್ರಾಗಿನಲ್ಲಿ 22ನೆಯ ನಂಬರಿನ ಟ್ರಾಮ್ ಹತ್ತಿ ಪೊಹೊರೆಲೆಟ್ಸ್ ನಿಲ್ದಾಣದಲ್ಲಿ ಇಳಿದರೆ ಇಬ್ಬರೂ ಅಕ್ಕಪಕ್ಕ ನಿಂತ ಕಂಚಿನ ಪ್ರತಿಮೆ ಕಾಣುತ್ತದೆ. ಹತ್ತಿರದ ಶಾಲೆಗೆ ಕೆಪ್ಲರನ ಹೆಸರು.

ಟ್ರಾಮ್ ಎಂದಾಗ ಒಂದು ಮಾತು. ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಯಂಥ ಯಂತ್ರದಲ್ಲಿ ತೂರಿಸಿ ಅದರ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಮಾಮೂಲು ಉಡುಪಿನ ತಪಾಸಣೆಗಾರರು ‘ಗೊತ್ತಿರಲಿಲ್ಲ’ ಎಂಬ ಉತ್ತರಕ್ಕೆ ದಂಡ ಹಾಕದೆ ಬಿಡುವುದಿಲ್ಲ. ಯೂರೋ ನಡೆಯುವ ಜರ್ಮನಿಯಿಂದ ಹೋದವರು ಅಲ್ಲಿ ಕೊರುನಾ ಕೊಳ್ಳಬೇಕಾಗುತ್ತದೆ. ‘ಕಮಿಷನ್ ಸೊನ್ನೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಅಂಗಡಿಯಲ್ಲಿ ದರವೇ ಕೆಟ್ಟದಾಗಿರಬಹುದು. ದರ ಗುಣಿಸಿ ನೋಡಿಯೇ ನೋಟು ಕೊಡಬೇಕು. ಮೋಸಹೋದೆ ಎನ್ನಿಸಿದರೆ ಮೂರು ಗಂಟೆಯೊಳಗೆ ಹಣ ಮರಳಿಸಿಕೊಳ್ಳುವ ಹಕ್ಕನ್ನು 2019ರಲ್ಲಿ ಅಲ್ಲಿನ ಕಾನೂನು ಕೊಟ್ಟಿದೆ. ರಸೀದಿ ಎಸೆಯಬಾರದು.

ಮತ್ತೆ ನದಿಯ ಕಡೆಗೆ. ಚಾರ್ಲ್ಸ್ ಸೇತುವೆಯ ಮೇಲೆ ಸದಾ ಜಾತ್ರೆ. ಬೆಳಿಗ್ಗೆ ಬೇಗ ಎದ್ದು ಹೋದವರಿಗೆ ಮಾತ್ರ ಸೇತುವೆ ಕಾಣುತ್ತದೆ, ಉಳಿದವರಿಗೆ ಜನರ ಬೆನ್ನು. 1611ರ ಹೊಸವರ್ಷದ ಸುಮಾರಿನಲ್ಲಿ ಕೆಪ್ಲರ್ ಈ ಸೇತುವೆ ದಾಟುವಾಗ ಅವನ ಕೋಟಿನ ಮೇಲೆ ಹಿಮದ ಹಳಕುಗಳು ಬಿದ್ದವು. ಗೆಳೆಯನಿಗೆ ಕೊಡಲು ಉಡುಗೊರೆ ಕೊಳ್ಳುವಷ್ಟು ಹಣವಿರಲಿಲ್ಲ. ಹಿಮದ ಹಳಕಿಗೆ ಯಾವಾಗಲೂ ಆರೇ ಮೂಲೆ ಏಕೆ, ಐದೋ ಏಳೋ ಏಕಲ್ಲ ಎಂದು ಪುಟ್ಟ ಲೇಖನ ಬರೆದು ಅದನ್ನೇ ಉಡುಗೊರೆಯಾಗಿ ಕೊಟ್ಟ. ಉತ್ತರ ಅವನಿಗೆ ಪೂರ್ತಿ ಸಿಗಲಿಲ್ಲ. ಆದರೆ ಹುಡುಕುವಾಗ ಚೆಂಡುಗಳನ್ನು ಅತ್ಯಂತ ಒತ್ತಾಗಿ ಪೇರಿಸುವುದು ಹೇಗೆಂದು ಯೋಚಿಸಿದ. ಹಣ್ಣಿನ ಅಂಗಡಿಯವರು ಕಿತ್ತಳೆ ಪೇರಿಸುವ ಕ್ರಮವೇ ಅತ್ಯಂತ ಒತ್ತಾದದ್ದೆಂದು ಹೇಳಿದ. ಅದನ್ನು ಸಾಧಿಸಿ ತೋರಿಸಿರುವುದಾಗಿ ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ ಪ್ರಕಟಿಸಿದ್ದು 1998ರಲ್ಲಿ. ಅದರ ಪ್ರತಿಯೊಂದು ಹೆಜ್ಜೆಯನ್ನೂ ಕಂಪ್ಯೂಟರಿನಿಂದ ತಾಳೆ ನೋಡಿದ ಸಾಧನೆ 2017ರಲ್ಲಿ ಅಚ್ಚಾಯಿತು. ಕಿತ್ತಳೆ ಮಾರುವವರಿಗೆ ಅಷ್ಟು ಕಾಯುವ ವ್ಯವಧಾನವಿರಲಿಲ್ಲ.

ಸಾಲ್ಜ್‌ಬರ್ಗಿನಿಂದ ಬಂದು ಪ್ರಾಗಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಕ್ರಿಶ್ಚಿಯನ್ ಡಾಪ್ಲರ್ ತನ್ನ ಹೆಸರಿನ ಪರಿಣಾಮವನ್ನು ಮಂಡಿಸಿದ್ದು 1842ರ ಮೇ 25ರಂದು, ಇದೇ ಊರಿನ ವಿದ್ವತ್ ಸಭೆಯಲ್ಲಿ. ಐನ್‌ಸ್ಟೈನ್ 1911ರಿಂದ 1912ರವರೆಗೆ ಇಲ್ಲಿನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು. ಅವರು ಗೆಳೆಯರ ಕೂಟದಲ್ಲಿ ಪಿಟೀಲು ನುಡಿಸುತ್ತಿದ್ದ ಮನೆಯ ಗೋಡೆಗೆ ಹಳೆಯ ಪಟ್ಟಣದ ಚೌಕದಲ್ಲಿ ಫಲಕ ಹಾಕಿದ್ದಾರೆ. ಗಮನಿಸಿದಿರಾ, ಟೈಕೊ, ಕೆಪ್ಲರ್, ಡಾಪ್ಲರ್, ಐನ್‌ಸ್ಟೈನ್ ಯಾರೂ ಪ್ರಾಗಿನವರಲ್ಲ. ಬೇರೆಡೆಯಿಂದ ಬಂದು, ಕೆಲವು ವರ್ಷವಿದ್ದು, ಕೆಲಸ ಮಾಡಿದವರು. ಹಾಗೆಂದು ಸ್ಥಳೀಯರು ಕೈಕಟ್ಟಿ ಕೂತಿರಲಿಲ್ಲ. ಗುಂಪಿನಲ್ಲಿ ಯಾರಾದರೂ ಕಣ್ಣಿಗೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದರೆ ಚೆಕ್ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆಯನ್ನು ನೆನೆಯಬೇಕು. 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ ಅವರು ಮನೆಯಲ್ಲೇ ಕೂತು, ಮಕ್ಕಳು ಜೋಡಿಸಿ ಆಡುವ ಲೋಹದ ಆಟಿಕೆಯ ಬಿಡಿಭಾಗಗಳಿಗೆ ಸೈಕಲ್ ಡೈನಮೊ ಹೂಡಿ, ಅಂಥ ಲೆನ್ಸನ್ನು ಎರಕಹೊಯ್ಯುವ ಯಂತ್ರ ಮಾಡಿದರು.

ಸೇತುವೆಯ ಪಕ್ಕದ ಕ್ಲೆಮೆಂಟಿನಮ್ ಎಂಬ ಹಳೆಯ ಕಟ್ಟಡದ ಗೋಪುರಕ್ಕೆ ಹೆಚ್ಚಿನ ಗುಂಪುಗಳು ಹೋಗುವುದಿಲ್ಲ. ಹೋಗಬೇಕು. ಅಲ್ಲಿ 1775ರಿಂದ ದಿನದಿನದ ಉಷ್ಣತೆಯನ್ನು ಬರೆದಿಡುತ್ತಾ ಬಂದಿದ್ದಾರೆ. ಯುದ್ಧ ಬಂದರೂ, ಸರ್ಕಾರ ಬಿದ್ದರೂ ಯಾರೋ ಒಬ್ಬರು ಹೋಗಿ ಉಷ್ಣಮಾಪಕ ನೋಡಿ ಬರೆದಿದ್ದಾರೆ. ಭೂಮಿ ಬಿಸಿಯಾಗುತ್ತಿದೆಯೇ ಎಂದು ಇಂದು ಕೇಳುವವರಿಗೆ ಅಂಥ ಪುಸ್ತಕಗಳೇ ಸಾಕ್ಷಿ. ಅದೇ ಗೋಪುರದ ಒಂದು ಕೋಣೆಯಲ್ಲಿ ಸಣ್ಣ ರಂಧ್ರದಿಂದ ಬಂದ ಬಿಸಿಲು ನಡುಹಗಲಿಗೆ ಸರಿಯಾಗಿ ಒಂದು ದಾರದ ಮೇಲೆ ಬೀಳುತ್ತದೆ. 1842ರಿಂದ 1928ರವರೆಗೆ ಆ ಕ್ಷಣಕ್ಕೆ ಗೋಪುರದಿಂದ ಬಾವುಟ ಬೀಸುತ್ತಿದ್ದರು, ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಭಾನುವಾರ ರೈಲು ಹತ್ತುವ ಮುಂಚೆ ನಾರೊದ್ನಿ ಬೀದಿಗೆ ಹೋಗಿ ಬರಲು ಸಮಯವಿರುತ್ತದೆ. ಅಲ್ಲಿನ ಕಮಾನಿನ ಕೆಳಗೆ, ಗೋಡೆಯಲ್ಲಿ, ಮೇಲೆತ್ತಿದ ಕೈಗಳ ಪುಟ್ಟ ಕಂಚಿನ ಶಿಲ್ಪವೊಂದಿದೆ. ಕೆಳಗೆ 17.11.1989 ಎಂಬ ತಾರೀಖು. ನವೆಂಬರ್ 17 ಅಂತಾರಾಷ್ಟ್ರೀಯ ವಿದ್ಯಾರ್ಥಿ ದಿನವೆಂದು ಹಲವರಿಗೆ ಗೊತ್ತು, ಏಕೆಂದು ಗೊತ್ತಿರುವವರು ಕಡಿಮೆ. 1939ರಲ್ಲಿ ಪ್ರಾಗನ್ನು ಹಿಟ್ಲರನ ಸೇನೆ ಆಕ್ರಮಿಸಿತ್ತು. ಅಕ್ಟೋಬರ್ 28ರ ಪ್ರತಿಭಟನೆಯಲ್ಲಿ ಯಾನ್ ಒಪ್ಲೆಟಾಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡೇಟು ಬಿದ್ದು, ಎರಡು ವಾರದಲ್ಲಿ ಆತ ತೀರಿಕೊಂಡ. ಅವನ ಶವಯಾತ್ರೆಗೆ ಸೇರಿದ ವಿದ್ಯಾರ್ಥಿಗಳನ್ನು ನೋಡಿ ಕೆರಳಿದ ನಾಜಿಗಳು ನವೆಂಬರ್ 17ರಂದು ಹಾಸ್ಟೆಲುಗಳಿಗೆ ನುಗ್ಗಿದರು. ಒಂಬತ್ತು ಮುಖಂಡರನ್ನು ಕೊಂದರು. 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಜರ್ಮನಿಯ ಸಾಕ್ಸೆನ್‌ಹೌಸೆನ್ ಸೆರೆಶಿಬಿರಕ್ಕೆ ಸಾಗಿಸಿದರು. ಚೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಬಿತ್ತು, ಯುದ್ಧ ಮುಗಿಯುವವರೆಗೆ ತೆರೆಯಲಿಲ್ಲ. ಐವತ್ತು ವರ್ಷದ ಮೇಲೆ, 1989ರಲ್ಲಿ, ಅದೇ ದಿನದ ನೆನಪಿಗೆ ವಿದ್ಯಾರ್ಥಿಗಳು ಮೆರವಣಿಗೆ ಹೊರಟಾಗ ಈ ಬೀದಿಯಲ್ಲಿ ಪೊಲೀಸರು ಅವರನ್ನು ಬಡಿದರು. ಆ ವರ್ಷ ಮುಗಿಯುವುದರೊಳಗೆ ದೇಶದ ಕಮ್ಯುನಿಸ್ಟ್ ಆಳ್ವಿಕೆಯೇ ಕೊನೆಗೊಂಡಿತ್ತು.

ಗುಂಪಿನಲ್ಲಿ ಜರ್ಮನ್ ಹುಡುಗನೊಬ್ಬನಿದ್ದರೆ ಈ ಗೋಡೆಯ ಮುಂದೆ ಮಾತು ನಿಲ್ಲುತ್ತದೆ. ಪೋಲೆಂಡಿನವನಿಗೆ ತನ್ನ ಅಜ್ಜನ ಕಾಲದ ಕತೆ ನೆನಪಾಗುತ್ತದೆ. ಸ್ಪೇನಿನವಳು ತನ್ನ ದೇಶದ ಸರ್ವಾಧಿಕಾರಿಯ ಕಾಲದಲ್ಲಿ ಓದಿದ ಅಜ್ಜಿಯ ಮಾತು ಹೇಳಬಹುದು. ಭಾರತದ ಹುಡುಗನಿಗೆ 1942ರಲ್ಲಿ ಕಾಲೇಜು ಬಿಟ್ಟು ಜೈಲಿಗೆ ಹೋದವರ ನೆನಪಾಗಬಹುದು. ಇತಿಹಾಸದ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿದ್ದ ಸಂಗತಿಗಳು ಒಂದೇ ಬೀದಿಯಲ್ಲಿ ನಿಂತು ಒಂದಕ್ಕೊಂದು ಮಾತಾಡುತ್ತವೆ. ಇದಕ್ಕೆ ಒಂದೇ ಊರಿನ ನಾಲ್ವರು ಹೋದರೆ ಸಾಲದು.

ಸಂಜೆಯ ರೈಲು ಈ ಸಲ ನದಿ ಹರಿಯುವ ದಿಕ್ಕಿನಲ್ಲೇ ಹೋಗುತ್ತದೆ. ನಾಲ್ವರಲ್ಲಿ ಇಬ್ಬರು ಮಲಗಿರುತ್ತಾರೆ. ಒಬ್ಬಳು ಎರಡು ದಿನದ ಖರ್ಚನ್ನು ಕೊರುನಾದಿಂದ ಯೂರೋಗೆ ತಿರುಗಿಸಿ ತಲೆಗೆ ಎಷ್ಟೆಂದು ಭಾಗಿಸುತ್ತಿರುತ್ತಾಳೆ. ಟ್ರಾಮಿನಲ್ಲಿ ಕಟ್ಟಿದ ದಂಡವನ್ನು ಎಲ್ಲರೂ ಹಂಚಿಕೊಳ್ಳಬೇಕೋ, ಟಿಕೆಟ್ಟಿಗೆ ಮೊಹರು ಹಾಕಿಸಲು ಮರೆತವನೇ ಕೊಡಬೇಕೋ ಎಂಬ ಚರ್ಚೆ ಗಡಿ ದಾಟುವವರೆಗೂ ಮುಗಿದಿರುವುದಿಲ್ಲ. ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ತರಗತಿ ಇದೆ.